ರೆಕಾರ್ಡರಿನಿಂದ ಕ್ಯಾಮೆರಾಕ್ಕೆ: ಅಜ್ಜಿಯ ಮಾತು ಸದ್ದಿನಲ್ಲಿ ಮುಳುಗದಿರಲಿ

(ಗಡಿನಾಡಿನ ಕನ್ನಡ ಹುಡುಗ ಹುಡುಗಿಯರಿಗಾಗಿ ನಡೆದ ಒಂದು ದಿನದ ದಾಖಲೀಕರಣ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಬೆಳಿಗ್ಗೆಯಿಂದ ನೀವು ಭಾಷೆಯ ಬಗ್ಗೆ, ಹಕ್ಕಿನ ಬಗ್ಗೆ, ಶಾಲೆಗಳ ಬಗ್ಗೆ ಕೇಳಿದ್ದೀರಿ. ಊಟ ಆದ ಮೇಲಿನ ಈ ಹೊತ್ತಿಗೆ ನನಗೆ ಸಿಕ್ಕಿದ್ದು ಸ್ವಲ್ಪ ಒಣ ವಿಷಯ. ವಯರು, ಪಿನ್ನು, ಮೀಟರು. ನಿದ್ದೆ ಬಂದ್ರೆ ಬೈಯುದಿಲ್ಲ. ಆದ್ರೆ ಮೊದಲ ಐದು ನಿಮಿಷ ಎಚ್ಚರ ಇರಿ, ಒಂದು ಕತೆ ಹೇಳ್ತೇನೆ. ನನ್ನದೇ ತಪ್ಪಿನ ಕತೆ.

ಕೆಲವು ವರ್ಷದ ಹಿಂದೆ ಕುಂಬಳೆ ಕಡೆಯ ಒಂದು ಮನೆಗೆ ಹೋಗಿದ್ದೆ. ಅಲ್ಲಿಯ ಅಜ್ಜಿಗೆ ಎಪ್ಪತ್ತು ದಾಟಿತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರು ಶಾಲೆಗೆ ಹೋಗುವ ಹುಡುಗಿ. ಆ ದಿನಗಳ ನೆನಪು ಕೇಳ್ಲಿಕ್ಕೆ ಹೋದದ್ದು. ನನ್ನ ಹತ್ತಿರ ಒಂದು ಕ್ಯಾಮೆರಾ, ಒಂದು ಸಣ್ಣ ರೆಕಾರ್ಡರ್ ಇತ್ತು. ಕ್ಯಾಮೆರಾದ ಒಳಗಿನ ಮೈಕಿಗಿಂತ ರೆಕಾರ್ಡರಿನ ಮೈಕು ಎಷ್ಟೋ ಒಳ್ಳೆಯದು. ಹಾಗಾಗಿ ರೆಕಾರ್ಡರನ್ನು ಅಜ್ಜಿಯ ಹತ್ತಿರ ಇಟ್ಟು, ಅದರ ಹೆಡ್‌ಫೋನ್ ತೂತಿನಿಂದ ಒಂದು ವಯರ್ ಎಳೆದು ಕ್ಯಾಮೆರಾದ ಮೈಕ್ ತೂತಿಗೆ ಚುಚ್ಚಿದೆ. ವಿಡಿಯೋದಲ್ಲೇ ಒಳ್ಳೆ ಧ್ವನಿ ಬಂದ್ರೆ ಆಮೇಲೆ ಎಡಿಟಿಂಗ್ ಕೆಲಸ ಇಲ್ಲ ಅಲ್ವಾ, ಅಂತ ಲೆಕ್ಕ.

ಅಜ್ಜಿ ಮುಕ್ಕಾಲು ಗಂಟೆ ಮಾತಾಡಿದರು. ನಡುವೆ ಒಂದು ಕಡೆ ಧ್ವನಿ ತಗ್ಗಿಸಿದರು. ಅಪ್ಪನಿಗೆ ಜಾಗೆಯ ವಿಷಯದಲ್ಲಿ ಕಚೇರಿಯಿಂದ ಒಂದು ಕಾಗದ ಬಂತು, ಮಲಯಾಳದಲ್ಲಿ. ಮನೆಯಲ್ಲಿ ಯಾರಿಗೂ ಓದ್ಲಿಕ್ಕೆ ಬರುವುದಿಲ್ಲ. ಊರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ ಮನುಷ್ಯ ಅವರು. ಆ ಕಾಗದ ಹಿಡಿದುಕೊಂಡು ಸಂಜೆವರೆಗೂ ಜಗಲಿಯಲ್ಲಿ ಕೂತಿದ್ದರಂತೆ. ಅಪ್ಪ ಅವತ್ತು ಏನೋ ಒಂದು ಮಾತು ಹೇಳಿದರಂತೆ, ಅದನ್ನು ಅಜ್ಜಿ ಅಪ್ಪನ ಧ್ವನಿಯಲ್ಲೇ ಹೇಳಿ ತೋರಿಸಿದರು. ಬಹಳ ಮೆಲ್ಲನೆ.

ಮನೆಗೆ ಬಂದು ಹಾಕಿ ನೋಡಿದೆ. ಆ ಜಾಗೆಯಲ್ಲಿ 'ಸ್ಸ್...' ಎಂಬ ಸದ್ದು ಮಾತ್ರ. ಕೆಳಗೆ 'ಗೂಂ' ಅಂತ ಇನ್ನೊಂದು ಸದ್ದು. ಅಜ್ಜಿಯ ಧ್ವನಿ ನೀರಿನ ಅಡಿಯ ಕಲ್ಲಿನ ಹಾಗೆ, ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ರೆಕಾರ್ಡರಿನಲ್ಲಿ ಇರಬೇಕಲ್ಲ ಅಂತ ಕಾರ್ಡ್ ತೆಗೆದು ನೋಡಿದೆ. ಖಾಲಿ! ಧ್ವನಿ ಕ್ಯಾಮೆರಾಕ್ಕೆ ಹೋಗ್ತಾ ಉಂಟು ಅಂತ ನಾನು ರೆಕಾರ್ಡರಿನ ಕೆಂಪು ಗುಂಡಿಯನ್ನೇ ಒತ್ತಿರಲಿಲ್ಲ.

ಮೂರು ತಿಂಗಳು ಬಿಟ್ಟು ನಾಚಿಕೆ ಬಿಟ್ಟು ಪುನಃ ಹೋದೆ. ಅಜ್ಜಿ ಚಾ ಕೊಟ್ಟರು. ಆ ಕಾಗದದ ವಿಷಯ ಇನ್ನೊಮ್ಮೆ ಹೇಳಿ ಅಜ್ಜೀ ಅಂದೆ. ಅವರು ಹೇಳಿದ್ದು ಇಷ್ಟೆ: "ಅವತ್ತೇ ಎಲ್ಲ ಹೇಳಿದೆನಲ್ಲ ಮಗ. ಕಾಗದ ಬಂತು, ಓದ್ಲಿಕ್ಕೆ ಬರ್ಲಿಲ್ಲ. ಮತ್ತೆಂತ ಹೇಳುದು?" 

ಅಪ್ಪನ ಮಾತು ಬರಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಇವತ್ತು ನಾನು ಹೇಳುವುದೆಲ್ಲ ಆ ಒಂದು ದಿನ ಮಾಡಿದ ತಪ್ಪುಗಳ ಪಟ್ಟಿ, ಮತ್ತು ಪ್ರತಿ ತಪ್ಪಿಗೆ ಒಂದೊಂದು ಮದ್ದು. ನೀವು ತಾಳವಾಡಿಯವರಿರಲಿ, ಅಕ್ಕಲಕೋಟೆಯವರಿರಲಿ, ಮಡಕಶಿರಾದವರಿರಲಿ, ನಿಮ್ಮ ಊರಿನಲ್ಲೂ ಇಂಥ ಅಜ್ಜಿ ಒಬ್ಬರಿದ್ದಾರೆ. ಅವರು ಒಂದು ಸಲ ಹೇಳುತ್ತಾರೆ. ಎರಡನೇ ಸಲ ಹೇಳುವುದು ಬೇರೆಯೇ ಆಗಿರುತ್ತದೆ.

ಸದ್ದು ಬರುವುದು ಎಲ್ಲಿಂದ?

ಮೊದಲು ಇದನ್ನು ಅರ್ಥ ಮಾಡಿಕೊಳ್ಳುವ. ಹಾಲು ಮಾರುವವರ ಉದಾಹರಣೆ ಕೊಡ್ತೇನೆ, ಬೇಜಾರು ಮಾಡ್ಬೇಡಿ.

ಧ್ವನಿ ಅಂದ್ರೆ ಹಾಲು, ಸದ್ದು ಅಂದ್ರೆ ನೀರು ಅಂತ ಇಟ್ಟುಕೊಳ್ಳಿ. ಅಜ್ಜಿಯ ಬಾಯಿಂದ ಹೊರಟ ಹಾಲು ಕ್ಯಾಮೆರಾದ ಕಾರ್ಡಿಗೆ ಸೇರುವವರೆಗೆ ನಾಲ್ಕು ಕೈ ದಾಟುತ್ತದೆ. ಮೈಕು, ರೆಕಾರ್ಡರಿನ ಒಳಗಿನ ಆಂಪ್ಲಿಫೈಯರು, ರೆಕಾರ್ಡರಿನಿಂದ ಹೊರಗೆ ಕಳಿಸುವ ಆಂಪ್ಲಿಫೈಯರು, ಕೊನೆಗೆ ಕ್ಯಾಮೆರಾದ ಒಳಗಿನ ಆಂಪ್ಲಿಫೈಯರು. ಪ್ರತಿಯೊಬ್ಬರೂ ಒಂದೊಂದು ಲೋಟ ನೀರು ಸೇರಿಸಿಯೇ ಸೇರಿಸುತ್ತಾರೆ. ಅದನ್ನು ತಪ್ಪಿಸ್ಲಿಕ್ಕೆ ಸಾಧ್ಯ ಇಲ್ಲ.

ಆದ್ರೆ ನೀವು ಕಳಿಸುವುದು ಒಂದು ಕೊಡ ಹಾಲಾದ್ರೆ ಒಂದು ಲೋಟ ನೀರು ಗೊತ್ತೇ ಆಗುವುದಿಲ್ಲ. ಕಳಿಸುವುದೇ ಒಂದು ಲೋಟ ಹಾಲಾದ್ರೆ? ಅರ್ಧಕ್ಕರ್ಧ ನೀರು. ಆಮೇಲೆ ಕ್ಯಾಮೆರಾದಲ್ಲಿ ಲೆವೆಲ್ ಏರಿಸಿದ್ರೆ ಹಾಲೂ ಏರುತ್ತದೆ, ನೀರೂ ಏರುತ್ತದೆ.

ನಾಲ್ವರಲ್ಲಿ ಹೆಚ್ಚು ನೀರು ಹಾಕುವವನು ಯಾರು? ಸಾಮಾನ್ಯವಾಗಿ ಕ್ಯಾಮೆರಾ. ಕ್ಯಾಮೆರಾ ಮಾಡುವವರು ದುಡ್ಡು ಹಾಕುವುದು ಲೆನ್ಸಿಗೆ, ಸೆನ್ಸರಿಗೆ. ಮೈಕ್ ತೂತಿನ ಹಿಂದಿನ ಆಂಪ್ಲಿಫೈಯರಿಗೆ ಅಷ್ಟು ಗಮನ ಇಲ್ಲ. ಹಾಗಾಗಿ ನಮ್ಮ ಇಡೀ ಉಪಾಯ ಒಂದೇ ಸಾಲಿನದ್ದು: ರೆಕಾರ್ಡರಿನಿಂದ ಕೊಡ ತುಂಬ ಕಳಿಸಿ, ಕ್ಯಾಮೆರಾದ ಆಂಪ್ಲಿಫೈಯರನ್ನು ಆದಷ್ಟು ಮಲಗಿಸಿ ಇಡಿ.

ಕ್ಯಾಮೆರಾದ ಆಟೋವನ್ನು ಮೊದಲು ಆರಿಸಿ

ಕ್ಯಾಮೆರಾಗಳಲ್ಲಿ ಧ್ವನಿಯ ಲೆವೆಲ್ ಸಾಮಾನ್ಯವಾಗಿ 'ಆಟೋ'ದಲ್ಲಿ ಇರುತ್ತದೆ. ಅದೇ ನನ್ನ ಅಜ್ಜಿಯ ಮಾತನ್ನು ತಿಂದದ್ದು. ಆಟೋ ಹೇಗೆ ಕೆಲಸ ಮಾಡುತ್ತದೆ ಗೊತ್ತುಂಟಾ? ಧ್ವನಿ ಜೋರಾದರೆ ತಗ್ಗಿಸುತ್ತದೆ, ಧ್ವನಿ ತಗ್ಗಿದರೆ ಏರಿಸುತ್ತದೆ. ಅಜ್ಜಿ ಮಾತು ನಿಲ್ಲಿಸಿ ಒಂದು ಉಸಿರು ತೆಗೆದುಕೊಂಡರೆ, ಕ್ಯಾಮೆರಾ 'ಅಯ್ಯೋ ಏನೂ ಕೇಳ್ತಾ ಇಲ್ಲ' ಅಂತ ಗಾಬರಿಯಾಗಿ ಗೇನ್ ಏರಿಸುತ್ತದೆ. ಏರುವುದು ಎಂತ? ಅದರದ್ದೇ 'ಸ್ಸ್' ಸದ್ದು. ಮಾತಿನ ನಡುನಡುವೆ ಸದ್ದು ಉಬ್ಬಿ ಇಳಿಯುವುದು ಕೇಳಿದ್ರೆ ತಿಳ್ಕೊಳ್ಳಿ, ಇದು ಆಟೋದ ಕೆಲಸ.

ಮದ್ದು: ಮೆನುವಿನಲ್ಲಿ ಸೌಂಡ್ ರೆಕಾರ್ಡಿಂಗ್ ಅಂತ ಇರುತ್ತದೆ. ಅಲ್ಲಿ 'ಮ್ಯಾನ್ಯುವಲ್' ಮಾಡಿ. ಲೆವೆಲನ್ನು ಪೂರ್ತಿ ಕೆಳಗೆ ತನ್ನಿ, ಅಲ್ಲಿಂದ ಒಂದೆರಡು ಮೆಟ್ಟಿಲು ಮಾತ್ರ ಮೇಲೆ. ಪೂರ್ತಿ ಸೊನ್ನೆಯಲ್ಲಿ ಕೆಲವು ಕ್ಯಾಮೆರಾಗಳು ಏನನ್ನೂ ಕೇಳಿಸಿಕೊಳ್ಳುವುದಿಲ್ಲ, ಹಾಗಾಗಿ ಒಂದೆರಡು ಮೆಟ್ಟಿಲು. ಅದೇ ಮೆನುವಿನಲ್ಲಿ 'ವಿಂಡ್ ಫಿಲ್ಟರ್' ಇದ್ದರೆ ಅದನ್ನೂ ಆರಿಸಿ, ಧ್ವನಿಯ ದಪ್ಪವನ್ನು ಅದು ಕಡಿಮೆ ಮಾಡುತ್ತದೆ. ಗಾಳಿಯ ಸದ್ದನ್ನು ತಡೆಯಬೇಕಾದದ್ದು ರೆಕಾರ್ಡರಿನ ಮೈಕಿನ ಹತ್ತಿರ, ಉಣ್ಣೆಯ ಟೊಪ್ಪಿ ಹಾಕಿ.

ಲೈನು ಬೇರೆ, ಮೈಕು ಬೇರೆ

ಈಗ ಕೊಡ ತುಂಬ ಕಳಿಸುವ ವಿಷಯ. ಇಲ್ಲಿ ಒಂದು ತೊಡಕು ಉಂಟು.

ರೆಕಾರ್ಡರಿನ 'ಲೈನ್ ಔಟ್' ತೂತಿನಿಂದ ಬರುವುದು ಸುಮಾರು 0.3 ವೋಲ್ಟ್ ಮಟ್ಟದ ಸಿಗ್ನಲ್. ಕ್ಯಾಮೆರಾದ ಮೈಕ್ ತೂತು ಎದುರು ನೋಡುವುದು ಒಂದೆರಡರಿಂದ ಹತ್ತು ಮಿಲಿವೋಲ್ಟ್. ಅಂದ್ರೆ ಮೂವತ್ತು ಪಟ್ಟು, ಕೆಲವು ಕಡೆ ನೂರು ಪಟ್ಟಿಗಿಂತಲೂ ಹೆಚ್ಚು ವ್ಯತ್ಯಾಸ. ಲೋಟ ಹಿಡಿದು ನಿಂತವನ ಮೇಲೆ ಕೊಡ ಸುರಿದ ಹಾಗೆ. ಧ್ವನಿ ಒಡೆಯುತ್ತದೆ, ಕರಕರ ಅನ್ನುತ್ತದೆ. ಇದಕ್ಕೆ ಒಂದು ಗುರುತು ಹೇಳ್ತೇನೆ. ಕ್ಯಾಮೆರಾದ ಲೆವೆಲ್ ತಗ್ಗಿಸಿದ ಮೇಲೂ, ಮೀಟರ್ ಕೆಳಗೇ ಇದ್ದರೂ ಧ್ವನಿ ಕರಕರ ಅನ್ನುತ್ತಿದೆಯಾ? ಹಾಗಾದ್ರೆ ಒಡೆದದ್ದು ಲೆವೆಲ್ ಗುಂಡಿಗೆ ಬರುವ ಮೊದಲೇ, ಬಾಗಿಲಲ್ಲೇ. ಗುಂಡಿ ತಿರುಗಿಸಿ ಅದನ್ನು ಸರಿ ಮಾಡ್ಲಿಕ್ಕೆ ಆಗುವುದಿಲ್ಲ.

ಆಗ ಎಲ್ಲರೂ ಮಾಡುವುದು ಎಂತ? ನಾನು ಮಾಡಿದ್ದೇ. ರೆಕಾರ್ಡರಿನ ಹೆಡ್‌ಫೋನ್ ವಾಲ್ಯೂಮನ್ನು ತೀರಾ ತಗ್ಗಿಸುವುದು. ಧ್ವನಿ ಒಡೆಯುವುದು ನಿಲ್ಲುತ್ತದೆ, ನಿಜ. ಆದ್ರೆ ನೋಡಿ, ವಾಲ್ಯೂಮ್ ತಗ್ಗಿಸಿದಾಗ ಹಾಲು ಮಾತ್ರ ಕಡಿಮೆ ಆಯಿತು. ಹೆಡ್‌ಫೋನ್ ಆಂಪ್ಲಿಫೈಯರು ಹಾಕುವ ನೀರು ಹಾಗೆಯೇ ಉಂಟು. ಲೋಟ ಹಾಲಿಗೆ ಲೋಟ ನೀರು.

ಸರಿಯಾದ ದಾರಿ, ಕೊಡ ತುಂಬ ಹಾಲನ್ನು ಕ್ಯಾಮೆರಾದ ಬಾಗಿಲವರೆಗೆ ತಂದು, ಅಲ್ಲಿ ಅದರಿಂದ ಒಂದು ಲೋಟ ಮಾತ್ರ ತೆಗೆದು ಕೊಡುವುದು. ಆಗ ರೆಕಾರ್ಡರಿನ ಹಾಲಿಗೂ ನೀರಿಗೂ ಇದ್ದ ಪ್ರಮಾಣ ಬದಲಾಗುವುದಿಲ್ಲ, ಎರಡೂ ಒಟ್ಟಿಗೆ ಕಡಿಮೆ ಆಗುತ್ತವೆ. ಇದನ್ನು ಮಾಡುವ ಸಾಧನಕ್ಕೆ ಅಟೆನ್ಯುಯೇಟರ್ ಕೇಬಲ್ ಅಂತ ಹೆಸರು, ಕೆಲವರು 'ಪ್ಯಾಡ್' ಅಂತಲೂ ಹೇಳ್ತಾರೆ. ನೋಡ್ಲಿಕ್ಕೆ ಸಾಮಾನ್ಯ ವಯರಿನ ಹಾಗೆಯೇ. ಒಳಗೆ ರೆಸಿಸ್ಟರ್ ಇರುತ್ತದೆ. 20 ಡೆಸಿಬೆಲ್ ಅಂದ್ರೆ ಹತ್ತರಲ್ಲಿ ಒಂದು ಪಾಲು. 40 ಡೆಸಿಬೆಲ್ ಅಂದ್ರೆ ನೂರರಲ್ಲಿ ಒಂದು ಪಾಲು. ಕ್ಯಾಮೆರಾಗಳಿಗೆಂದೇ 25 ಡೆಸಿಬೆಲ್ ತಗ್ಗಿಸುವ ಕೇಬಲ್ ಸಿಗುತ್ತದೆ, ಅಂದ್ರೆ ಸುಮಾರು ಹದಿನೆಂಟರಲ್ಲಿ ಒಂದು ಪಾಲು.

ಕೊಂಡುಕೊಳ್ಳಲು ಆಗದಿದ್ದರೆ ಊರಿನ ರೇಡಿಯೋ, ಟಿವಿ ರಿಪೇರಿಯವರ ಹತ್ತಿರ ಹೋಗಿ. 10 ಕಿಲೋ ಓಮ್ ರೆಸಿಸ್ಟರ್ ಒಂದನ್ನು ಸಿಗ್ನಲ್ ವಯರಿನಲ್ಲಿ ಸಾಲಾಗಿ, 1 ಕಿಲೋ ಓಮ್ ಒಂದನ್ನು ಕ್ಯಾಮೆರಾ ಕಡೆ ಸಿಗ್ನಲಿನಿಂದ ಅರ್ತಿಗೆ ಅಡ್ಡಲಾಗಿ. ಎಡಕ್ಕೆ ಒಂದು ಜೊತೆ, ಬಲಕ್ಕೆ ಒಂದು ಜೊತೆ. ಹನ್ನೊಂದರಲ್ಲಿ ಒಂದು ಪಾಲು ದಾಟುತ್ತದೆ, ಸುಮಾರು 21 ಡೆಸಿಬೆಲ್ ಇಳಿಯುತ್ತದೆ. ರೆಸಿಸ್ಟರಿಗೆ ಕೆಲವೇ ರೂಪಾಯಿ. ಬೆಸುಗೆ ಹಾಕುವವರಿಗೆ ಒಂದು ಚಾ ಕುಡಿಸಿ.

ಕೆಲವು ರೆಕಾರ್ಡರುಗಳಲ್ಲಿ, ಟ್ಯಾಸ್ಕಾಮ್ ಡಿಆರ್-60ಡಿ, ಡಿಆರ್-70ಡಿ ತರದವುಗಳಲ್ಲಿ, ಕ್ಯಾಮೆರಾಕ್ಕೆಂದೇ ಬೇರೆ 'ಕ್ಯಾಮೆರಾ ಔಟ್' ತೂತು ಉಂಟು. ಅದಿದ್ದರೆ ಅದನ್ನೇ ಬಳಸಿ. ಝೂಮ್ ಎಚ್1ಎನ್ ತರದ ಸಣ್ಣ ರೆಕಾರ್ಡರಿನಲ್ಲಿ ಹೆಡ್‌ಫೋನಿಗೂ ಲೈನಿಗೂ ಒಂದೇ ತೂತು. ಅಂಥದ್ದರಲ್ಲಿ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಪ್ಯಾಡ್ ಕೇಬಲ್ ಹಾಕಿ. ಪ್ಯಾಡ್ ಇಲ್ಲವೇ ಇಲ್ಲ ಅಂತಾದ್ರೆ, ಕ್ಯಾಮೆರಾದ ಲೆವೆಲ್ ಮೊದಲು ಅತಿ ಕೆಳಗೆ ಇಟ್ಟು, ಆಮೇಲೆ ರೆಕಾರ್ಡರಿನ ವಾಲ್ಯೂಮನ್ನು ಧ್ವನಿ ಒಡೆಯುವ ಸ್ವಲ್ಪ ಮೊದಲಿನವರೆಗೆ ಏರಿಸಿ. ಈ ಕ್ರಮ ತಲೆಕೆಳಗಾಗಬಾರದು.

ಲೆವೆಲ್ ಕೂಡಿಸುವುದು ಹೇಗೆ?

ಮೊದಲು ರೆಕಾರ್ಡರ್. ಅಜ್ಜಿಯ ಹತ್ತಿರ ಊಟಕ್ಕೆ ಎಂತ ಮಾಡಿದ್ರಿ ಅಂತ ಕೇಳಿ. ಅವರು ಹೇಳುವಾಗ ಮೀಟರ್ ನೋಡಿ. ಮಾತಿನ ಶಿಖರಗಳು ಮೈನಸ್ 12ರ ಆಸುಪಾಸಿನಲ್ಲಿ ಇರಲಿ. ನಗು ಬಂದ್ರೆ, ಸಿಟ್ಟು ಬಂದ್ರೆ ಮೇಲಕ್ಕೆ ಹೋಗ್ಲಿಕ್ಕೆ ಜಾಗ ಬೇಕಲ್ಲ. ಸೊನ್ನೆ ಮುಟ್ಟಿದರೆ ಧ್ವನಿ ಒಡೆದಂತೆ.

ಮತ್ತೆ ಗೇನ್ ಏರಿಸುವ ಮೊದಲು ಮೈಕನ್ನು ಹತ್ತಿರ ತನ್ನಿ. ದೂರ ಅರ್ಧ ಆದ್ರೆ ಧ್ವನಿ ಸುಮಾರು 6 ಡೆಸಿಬೆಲ್ ಹೆಚ್ಚಾಗುತ್ತದೆ, ಸಿಗ್ನಲ್ ಎರಡು ಪಟ್ಟು. ಎರಡು ಅಡಿಯಿಂದ ಒಂದು ಅಡಿಗೆ ತಂದದ್ದು ಯಾವ ಯಂತ್ರದ ಗುಂಡಿಗಿಂತಲೂ ಒಳ್ಳೆಯ ಕೆಲಸ ಮಾಡುತ್ತದೆ. ಏಕೆಂದ್ರೆ ಫ್ಯಾನಿನ ಸದ್ದು, ಹಂಚಿನ ಮೇಲೆ ಬೀಳುವ ಮಳೆಯ ಸದ್ದು ಅದರಿಂದ ಏರುವುದಿಲ್ಲ, ಅಜ್ಜಿಯ ಧ್ವನಿ ಮಾತ್ರ ಏರುತ್ತದೆ.

ಆಮೇಲೆ ಕ್ಯಾಮೆರಾ. ಕೆಲವು ರೆಕಾರ್ಡರುಗಳಲ್ಲಿ 'ಟೋನ್' ಉಂಟು, ಒಂದೇ ಸಮ ಕೂಗುವ ಸ್ವರ. ಅದನ್ನು ಹಾಕಿದಾಗ ರೆಕಾರ್ಡರಿನ ಮೀಟರ್ ಮೈನಸ್ 20 ತೋರಿಸಿದರೆ ಕ್ಯಾಮೆರಾದ ಮೀಟರೂ ಅಲ್ಲಿಯೇ ನಿಲ್ಲುವ ಹಾಗೆ ಕ್ಯಾಮೆರಾದ ಲೆವೆಲ್ ಇಡಿ. ಟೋನ್ ಇಲ್ಲದಿದ್ದರೆ ಒಬ್ಬರು ಮೈಕಿನ ಮುಂದೆ 'ಆ...' ಅಂತ ಶ್ರುತಿ ಹಿಡಿಯಿರಿ. ಅಂದಾಜಿಗೆ ಅದೂ ಸಾಕು.

ತಾಳಮದ್ದಳೆ, ಯಕ್ಷಗಾನ ಹಿಡಿಯುವವರಿಗೆ ಒಂದು ಎಚ್ಚರಿಕೆ. ಲೆವೆಲ್ ಕೂಡಿಸಬೇಕಾದದ್ದು ಭಾಗವತರ ಸ್ವರಕ್ಕೆ ಅಲ್ಲ, ಚೆಂಡೆಯ ಪೆಟ್ಟಿಗೆ. ಪೀಠಿಕೆಯಲ್ಲಿ ಚೆಂಡೆ ಬಾರಿಸುವಾಗ ಅದರ ಅತಿ ಜೋರಿನ ಪೆಟ್ಟು ನೋಡಿ, ಅದು ಮೈನಸ್ 6 ದಾಟದ ಹಾಗೆ ಇಡಿ. ತಾಳಮದ್ದಳೆಯ ಅರ್ಥಗಾರಿಕೆ ಆ ಕ್ಷಣಕ್ಕೆ ಹುಟ್ಟುವ ಮಾತು. ಬರೆದು ಇಟ್ಟದ್ದಲ್ಲ. ನಾಳೆ ಅದೇ ಪ್ರಸಂಗ, ಅದೇ ಪಾತ್ರ, ಅದೇ ಅರ್ಥಧಾರಿ ಆದ್ರೂ ಇವತ್ತಿನ ಮಾತು ಬರುವುದಿಲ್ಲ. ಪಾರ್ತಿಸುಬ್ಬನ ಕುಂಬಳೆಯವರು ಇದನ್ನು ನಿಮಗೆ ಹೇಳಿಕೊಡಬೇಕಾದ್ದಿಲ್ಲ ಅಲ್ವಾ.

'ಗೂಂ' ಸದ್ದಿನ ಮೂಲ

'ಸ್ಸ್' ಆಯಿತು. ಇನ್ನು 'ಗೂಂ'. ನಮ್ಮ ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಆ 50ರ ಮತ್ತು ಅದರ ಪಟ್ಟುಗಳ, 100, 150ರ, ಸದ್ದೇ ಈ 'ಗೂಂ'. ರೆಕಾರ್ಡರನ್ನೂ ಚಾರ್ಜರಿಗೆ ಹಾಕಿ, ಕ್ಯಾಮೆರಾವನ್ನೂ ಚಾರ್ಜರಿಗೆ ಹಾಕಿ, ನಡುವೆ ಧ್ವನಿಯ ವಯರ್ ಎಳೆದ್ರೆ ಕರೆಂಟಿಗೆ ಸುತ್ತಿ ಬರಲು ಒಂದು ದಾರಿ ಸಿಕ್ಕಿದ ಹಾಗಾಯಿತು. ಗ್ರೌಂಡ್ ಲೂಪ್ ಅನ್ನುತ್ತಾರೆ.

ಮದ್ದು ಬಹಳ ಸುಲಭ: ಎರಡನ್ನೂ ಬ್ಯಾಟರಿಯಲ್ಲಿ ನಡೆಸಿ. ಒಂದನ್ನು ಚಾರ್ಜರಿಗೆ ಹಾಕಲೇಬೇಕಾದ್ರೆ ಇನ್ನೊಂದನ್ನಾದ್ರೂ ಬ್ಯಾಟರಿಯಲ್ಲಿ ಇಡಿ. ಧ್ವನಿಯ ವಯರು ಗಿಡ್ಡ ಇರಲಿ, ಕರೆಂಟ್ ವಯರಿನ ಜೊತೆ ಒಟ್ಟಿಗೆ ಸುತ್ತಿ ಇಡಬೇಡಿ, ದಾಟಲೇಬೇಕಾದ್ರೆ ಅಡ್ಡವಾಗಿ ದಾಟಲಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ ದೂರ ಇಡಿ. 'ಟರ್ ಟಟರ್' ಅಂತ ಬರುವ ಸದ್ದು ಮೊಬೈಲಿನದ್ದು.

ಕಾರ್ಯಕ್ರಮದಲ್ಲಿ ಮೈಕ್‌ಸೆಟ್‌ನವರ ಮಿಕ್ಸರಿನಿಂದ ಧ್ವನಿ ತೆಗೆದುಕೊಳ್ಳುವಾಗ ಈ 'ಗೂಂ' ಬರುವ ಸಾಧ್ಯತೆ ಹೆಚ್ಚು, ಏಕೆಂದ್ರೆ ಅವರದ್ದು ಕರೆಂಟಿನಲ್ಲೇ ನಡೆಯುವುದು. ಅದಕ್ಕೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಒಂದು ಸಣ್ಣ ಡಬ್ಬಿ ಸಿಗುತ್ತದೆ, ಒಳಗೆ ಟ್ರಾನ್ಸ್‌ಫಾರ್ಮರ್. ಮಿಕ್ಸರಿಗೂ ರೆಕಾರ್ಡರಿಗೂ ನಡುವೆ ಅದನ್ನು ಹಾಕಿ. ಕೆಲವರು 'ಗೂಂ' ನಿಲ್ಲಿಸ್ಲಿಕ್ಕೆ ಪ್ಲಗ್ಗಿನ ಮೂರನೇ ಪಿನ್ನನ್ನು, ಅರ್ತ್ ಪಿನ್ನನ್ನು, ಮುರಿದು ಹಾಕುತ್ತಾರೆ. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ, ಮಾಡುವವರನ್ನು ಬಿಡಬೇಡಿ. ಮಳೆಗಾಲದ ಒದ್ದೆ ನೆಲದಲ್ಲಿ ಮೈಕ್ ಹಿಡಿದವರ ಜೀವ ಹೋಗುತ್ತದೆ.

ಪಿನ್ನಿನ ಎರಡು ಕಿತಾಪತಿ

ಒಂದು, ಕ್ಯಾಮೆರಾದ ಮೈಕ್ ತೂತು ಸುಮ್ಮನೆ ಕೇಳುವುದಿಲ್ಲ, ಮೈಕಿಗೆ ಎರಡರಿಂದ ಐದು ವೋಲ್ಟ್ ಕರೆಂಟೂ ಕೊಡುತ್ತದೆ. 'ಪ್ಲಗ್ ಇನ್ ಪವರ್' ಅಂತ ಹೆಸರು. ನಾವು ಹಾಕಿದ್ದು ಮೈಕಲ್ಲ, ರೆಕಾರ್ಡರು. ಅದಕ್ಕೆ ಈ ಕರೆಂಟು ಬೇಡ, ಅದರಿಂದಲೂ ಸದ್ದು ಬರಬಹುದು. ಮೆನುವಿನಲ್ಲಿ ಆರಿಸ್ಲಿಕ್ಕೆ ಆಗುವುದಾದ್ರೆ ಆರಿಸಿ. ಇಲ್ಲದಿದ್ರೆ ಆ ಕರೆಂಟನ್ನು ತಡೆಯುವ ಕೆಪಾಸಿಟರ್ ಇರುವ ಪ್ಯಾಡ್ ಕೇಬಲ್ ತೆಗೆದುಕೊಳ್ಳಿ.

ಎರಡು, ಪಿನ್ನಿನ ಮೇಲಿನ ಕಪ್ಪು ಗೆರೆ ಎಣಿಸಿ. ಎರಡು ಗೆರೆ ಇದ್ದರೆ ಅದು ಕ್ಯಾಮೆರಾಕ್ಕೆ, ರೆಕಾರ್ಡರಿಗೆ ಸರಿ. ಮೂರು ಗೆರೆ ಇದ್ದರೆ ಅದು ಮೊಬೈಲಿನ ಹೆಡ್‌ಸೆಟ್ಟಿನದ್ದು. ಅದನ್ನು ಕ್ಯಾಮೆರಾಕ್ಕೆ ಚುಚ್ಚಿದ್ರೆ ಅರ್ತ್ ಸರಿಯಾಗಿ ಕೂರುವುದಿಲ್ಲ. ಮೊಬೈಲಿನಲ್ಲೇ ವಿಡಿಯೋ ತೆಗೆಯುವವರು ತಿರುಗಾ ಎರಡು ಗೆರೆಯದ್ದನ್ನು ಮೂರು ಗೆರೆಗೆ ಬದಲಿಸುವ ಅಡಾಪ್ಟರ್ ಇಟ್ಟುಕೊಳ್ಳಬೇಕು.

ಕಳ್ಳನನ್ನು ಹಿಡಿಯುವ ಮೂರು ಪರೀಕ್ಷೆ

ಇಷ್ಟೆಲ್ಲ ಮಾಡಿಯೂ ಸದ್ದು ಬರ್ತಾ ಉಂಟು ಅಂತ ಇಟ್ಟುಕೊಳ್ಳಿ. ಸಿಕ್ಕಿದ ಗುಂಡಿ ತಿರುಗಿಸಬೇಡಿ. ಕ್ರಮವಾಗಿ ಹುಡುಕಿ.

ಮೊದಲನೆಯದು: ರೆಕಾರ್ಡರಿನ ಫೈಲನ್ನು ಮಾತ್ರ ಹೆಡ್‌ಫೋನಿನಲ್ಲಿ ಕೇಳಿ. ಅದರಲ್ಲೇ ಸದ್ದಿದ್ದರೆ ಕಳ್ಳ ಮೈಕಿನಲ್ಲೋ ಕೋಣೆಯಲ್ಲೋ ಇದ್ದಾನೆ. ಶುದ್ಧ ಇದ್ದರೆ ಆಚೆಗೆ ಹೋಗಿ.

ಎರಡನೆಯದು: ವಯರನ್ನು ಕ್ಯಾಮೆರಾದಲ್ಲೇ ಬಿಟ್ಟು ರೆಕಾರ್ಡರಿನ ಕಡೆಯಿಂದ ಮಾತ್ರ ಕಿತ್ತು, ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ ಕೇಳಿ. 'ಸ್ಸ್' ಹಾಗೆಯೇ ಇದ್ದರೆ ಕಳ್ಳ ಕ್ಯಾಮೆರಾದ ಆಂಪ್ಲಿಫೈಯರು. ಅದರ ಲೆವೆಲ್ ಇನ್ನೂ ತಗ್ಗಿಸಿ, ರೆಕಾರ್ಡರಿನದ್ದು ಏರಿಸಿ.

ಮೂರನೆಯದು: ವಯರನ್ನು ಪುನಃ ಹಾಕಿ, ಚಾರ್ಜರುಗಳನ್ನು ಒಂದೊಂದಾಗಿ ಕಿತ್ತು ಕೇಳಿ. ಯಾವುದನ್ನು ಕಿತ್ತಾಗ 'ಗೂಂ' ನಿಂತಿತೋ ಅದೇ ಕಳ್ಳ.

ಎಲ್ಲಕ್ಕಿಂತ ಮುಖ್ಯ, ಕೇಳಬೇಕಾದದ್ದು ಕ್ಯಾಮೆರಾದ ಕಡೆಯಿಂದ. ರೆಕಾರ್ಡರಿಗೆ ಹೆಡ್‌ಫೋನ್ ಹಾಕಿ 'ಚೆನ್ನಾಗಿ ಕೇಳ್ತದೆ' ಅಂದ್ರೆ ಅದು ಕೊಡ ಹೊರಟಾಗಿನ ರುಚಿ. ತಲುಪಿದಾಗಿನ ರುಚಿ ಬೇಕು. ಕ್ಯಾಮೆರಾದಲ್ಲಿ ಹೆಡ್‌ಫೋನ್ ತೂತು ಇಲ್ಲದಿದ್ರೆ, ಮಾತು ಶುರು ಮಾಡುವ ಮೊದಲು ಅರ್ಧ ನಿಮಿಷ ತೆಗೆದು, ಹಾಕಿ ಕೇಳಿ. ಆ ಅರ್ಧ ನಿಮಿಷ ನಾನು ಕೊಡಲಿಲ್ಲ. ಮುಕ್ಕಾಲು ಗಂಟೆ ಕಳಕೊಂಡೆ.

ಕೆಂಪು ಗುಂಡಿ

ಕ್ಯಾಮೆರಾಕ್ಕೆ ಧ್ವನಿ ಹೋಗ್ತಾ ಇದ್ದರೂ ರೆಕಾರ್ಡರಿನಲ್ಲಿ ಕೆಂಪು ಗುಂಡಿ ಒತ್ತಲೇಬೇಕು. ಕ್ಯಾಮೆರಾದ ಧ್ವನಿ ಹಾಳಾದರೆ ಇದು ಉಳಿಯುತ್ತದೆ. 48 ಕಿಲೋಹರ್ಟ್ಜ್, 24 ಬಿಟ್, ವೇವ್ ಫೈಲ್. ಸ್ಟೀರಿಯೋ ಆದ್ರೆ ಗಂಟೆಗೆ ಸುಮಾರು 1 ಜಿಬಿ. ಈಗಿನ ಕಾರ್ಡಿಗೆ ಅದು ಭಾರ ಅಲ್ಲ. ಶುರುವಿಗೆ ಕ್ಯಾಮೆರಾದ ಮುಂದೆ ಒಂದು ಚಪ್ಪಾಳೆ, ಕೊನೆಗೂ ಒಂದು ಚಪ್ಪಾಳೆ. ಎರಡು ಯಂತ್ರದ ಗಡಿಯಾರ ಪೂರ್ತಿ ಒಂದೇ ಸಮ ಓಡುವುದಿಲ್ಲ, ಉದ್ದದ ಸಂದರ್ಶನದಲ್ಲಿ ತುಟಿಗೂ ಮಾತಿಗೂ ಕೂದಲೆಳೆ ವ್ಯತ್ಯಾಸ ಬರಬಹುದು. ಎರಡು ಚಪ್ಪಾಳೆ ಇದ್ದರೆ ಕೂಡಿಸುವುದು ಸುಲಭ.

ಹಾಗಾದ್ರೆ ಕ್ಯಾಮೆರಾಕ್ಕೆ ಧ್ವನಿ ಕಳಿಸುವುದೇ ಯಾಕೆ ಅಂತ ಕೇಳ್ತೀರಾ? ಅವತ್ತೇ ಸಂಜೆ ಪೇಜಿಗೆ ಎರಡು ನಿಮಿಷದ ತುಂಡು ಹಾಕ್ಲಿಕ್ಕೆ ಅದು ಬೇಕು. ಒಂದು ಯಂತ್ರ ಕೈಕೊಟ್ಟರೆ ಇನ್ನೊಂದು ಇರಬೇಕು. ಎರಡೂ ಬೇಕು.

ಸಾಫ್ಟ್‌ವೇರ್ ಸರಿ ಮಾಡುವುದಿಲ್ಲವಾ?

ಇದು ಎಲ್ಲ ಕಡೆ ಬರುವ ಪ್ರಶ್ನೆ. ಆಡಾಸಿಟಿಯಲ್ಲಿ ನಾಯ್ಸ್ ರಿಡಕ್ಷನ್ ಉಂಟು, ಉಚಿತ. ಈಗ ಗುಂಡಿ ಒತ್ತಿದ್ರೆ ಸದ್ದು ಮಾಯ ಮಾಡುವ ಆಪ್‌ಗಳೂ ಇವೆ. ಇರಲಿ, ಬಳಸಿ. ಆದ್ರೆ ಅದು ಏನನ್ನು ತೆಗೆಯುತ್ತದೆ ಅಂತ ತಿಳಿದು ಬಳಸಿ.

'ಸ್ಸ್' ಸದ್ದು ಇರುವ ಜಾಗೆಯಲ್ಲೇ ನಮ್ಮ 'ಸ', 'ಶ' ಇವೆ. 'ಸ'ಕಾರಕ್ಕೂ 'ಶ'ಕಾರಕ್ಕೂ ಇರುವ ವ್ಯತ್ಯಾಸ ಮೇಲಿನ ಕಂಪನಾಂಕಗಳಲ್ಲಿ ಉಂಟು. 'ಹ'ಕಾರ ಬರೀ ಉಸಿರು. ಯಂತ್ರಕ್ಕೆ ಉಸಿರು ಯಾವುದು, ಸದ್ದು ಯಾವುದು ಅಂತ ಪೂರ್ತಿ ಗೊತ್ತಾಗುವುದಿಲ್ಲ. ಜೋರಾಗಿ ತಿಕ್ಕಿದ್ರೆ ಕೊಳೆಯ ಜೊತೆ ಬಣ್ಣವೂ ಹೋಗುತ್ತದೆ. ಒಮ್ಮೆಗೇ 24 ಡೆಸಿಬೆಲ್ ಕತ್ತರಿಸುವ ಬದಲು 6 ಡೆಸಿಬೆಲ್‌ನ ಹಾಗೆ ಮೆಲ್ಲಗೆ ಮಾಡಿ. ಮೂಲ ಫೈಲನ್ನು ಮಾತ್ರ ಯಾವತ್ತೂ ಮುಟ್ಟಬೇಡಿ.

ಯಾಕೆ ಇಷ್ಟು ಹಟ ಅಂದ್ರೆ, ನಮಗೆ ಬೇಕಾದದ್ದು ಅರ್ಥ ಮಾತ್ರ ಅಲ್ಲ, ಉಚ್ಚಾರವೂ ಬೇಕು. ಕನ್ನಡದ ಹತ್ತಿರದ ಸಂಬಂಧಿಯಾದ ನೀಲಗಿರಿಯ ಬಡಗ ಭಾಷೆಯ ಬಗ್ಗೆ ಭಾಷಾವಿಜ್ಞಾನಿ ಎಮಿನೋ 1939ರಲ್ಲಿ ಒಂದು ಲೇಖನ ಬರೆದರು. ನಾಲಗೆ ಹಿಂದಕ್ಕೆ ಮಡಚಿ ಆಡುವ ಸ್ವರಗಳು ಆ ಭಾಷೆಯಲ್ಲಿವೆ ಅಂತ ಅವರು ಗುರುತಿಸಿದರು. ವ್ಯಂಜನ ಅಲ್ಲ, ಸ್ವರಗಳು! ಲೋಕದ ಭಾಷೆಗಳಲ್ಲೇ ಅಪರೂಪದ ವಿಷಯ. ಕಿವಿ ಸೂಕ್ಷ್ಮ ಇದ್ದದ್ದರಿಂದ ಗೊತ್ತಾಯಿತು. ನಿಮ್ಮ ಅಜ್ಜಿಯ ಮಾತಿನಲ್ಲಿ ಅಂಥದ್ದು ಎಷ್ಟು ಉಂಟೋ ಯಾರಿಗೆ ಗೊತ್ತು? ನಾಳೆ ಯಾರೋ ಒಬ್ಬಳು ಕೂತು ಕೇಳಿದಾಗ ಸಿಗಬೇಕಾದ್ರೆ ಇವತ್ತು ನಾವು ಸದ್ದಿಲ್ಲದೆ ಹಿಡಿದಿರಬೇಕು.

ನಮ್ಮ ಕನ್ನಡ ಸರಿ ಇಲ್ಲ ಅಂತ ನಾವು ಎರಡೂ ಕಡೆಯಿಂದ ಕೇಳಿದವರು. ಇಲ್ಲಿಯವರಿಗೆ ನಾವು ಕನ್ನಡದವರು, ಬೆಂಗಳೂರಿಗೆ ಹೋದ್ರೆ 'ನೀವು ಮಲಯಾಳಿಗಳಾ, ತಮಿಳರಾ, ಮರಾಠಿಯವರಾ' ಅಂತ ಕೇಳ್ತಾರೆ. ಹಾಗಾಗಿ ಕ್ಯಾಮೆರಾ ಕಂಡ ಕೂಡಲೇ ನಮ್ಮ ಹಿರಿಯರು ಪುಸ್ತಕದ ಕನ್ನಡ ಮಾತಾಡ್ಲಿಕ್ಕೆ ಶುರು ಮಾಡ್ತಾರೆ. ಹತ್ತು ನಿಮಿಷ ಬಿಡಿ, ಮನೆಯ ಮಾತು ಬರುತ್ತದೆ. ಆ ಮನೆಯ ಮಾತು ಬರುವುದು ಯಾವಾಗಲೂ ಮೆಲುದನಿಯಲ್ಲಿ. ನಮ್ಮ ವಯರು, ಪಿನ್ನು, ಮೀಟರು ಎಲ್ಲ ಇರುವುದು ಆ ಮೆಲುದನಿಗೆ. ಜೋರು ಭಾಷಣ ಯಾವ ಮೊಬೈಲಿನಲ್ಲೂ ಬರುತ್ತದೆ.

ಈಗ ಏಳಿ, ಚಾ ಆದ ಮೇಲೆ ನಾಲ್ಕು ನಾಲ್ಕು ಜನ ಒಂದು ಗುಂಪಾಗಿ. ಪ್ರತಿ ಗುಂಪಿಗೆ ಒಂದು ರೆಕಾರ್ಡರು, ಒಂದು ಕ್ಯಾಮೆರಾ. ನಾನು ಮಾತು ಕೇಳುವುದಿಲ್ಲ. ಹತ್ತು ಸೆಕೆಂಡಿನ ಮೌನ ರೆಕಾರ್ಡ್ ಮಾಡಿ ತನ್ನಿ, ಕ್ಯಾಮೆರಾದ ಕಾರ್ಡಿನಲ್ಲಿ. ಆ ಮೌನ ಮೌನದ ಹಾಗೆಯೇ ಕೇಳಿದ್ರೆ ನೀವು ಪಾಸು. ಊರಿಗೆ ಹೋದ ವಾರದಲ್ಲೇ ಒಬ್ಬರ ಮನೆಗೆ ಹೋಗಿ. ಅವರ ಒಪ್ಪಿಗೆ ಕೇಳಿ, ಯಾವುದನ್ನು ಹಾಕಬಹುದು, ಯಾವುದನ್ನು ಹಾಕಬಾರದು ಅಂತ ಅವರೇ ಹೇಳಲಿ. ಆಮೇಲೆ ಕೂತು ಕೇಳಿ.

ಕೆಂಪು ಗುಂಡಿ ಮರೀಬೇಡಿ ಮಾರಾಯ್ರೆ.